ಮೊದಲು ಕಿಮೋ, ಆಮೇಲೆ ಆಪರೇಷನ್: ಗುದನಾಳದ ಕ್ಯಾನ್ಸರ್ ಮತ್ತು ಚಿಕಿತ್ಸೆಯ ಸರದಿ



ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿ ಕಡೆ ಇರೋ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಊರಿಂದ ಈ ಫೋನ್ ಬರುತ್ತೆ: "ಟಾಟಾ ಆಸ್ಪತ್ರೆಗೆ ತೋರಿಸಬೇಕಂತೆ. ನೀನು ಅಲ್ಲೇ ಇದ್ದೀಯಲ್ಲ, ಸ್ವಲ್ಪ ನೋಡು." ಊರವರ ಲೆಕ್ಕದಲ್ಲಿ ಮುಂಬಯಿ ಅಂದ್ರೆ ಎಲ್ಲಾ ಒಂದೇ. ಕಲ್ಯಾಣ ಎಲ್ಲಿ, ಪರೇಲ್ ಎಲ್ಲಿ ಅಂತ ಅವರಿಗೆ ಹೇಳೋಕೆ ಹೋಗಬೇಡಿ. ಉದ್ಯಾನ್ ಎಕ್ಸ್‌ಪ್ರೆಸ್ಸೂ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸೂ ಕಲ್ಯಾಣದಲ್ಲಿ ನಿಲ್ಲುತ್ತವೆ. ಕಲಬುರಗಿ, ಸೊಲ್ಲಾಪುರ, ವಿಜಯಪುರ ಕಡೆಯವರು ಫೈಲ್ ಹಿಡಿದುಕೊಂಡು ಮೊದಲು ಇಳಿಯೋದು ನಮ್ಮ ಸ್ಟೇಷನ್‌ನಲ್ಲೇ. ಹಾಗಾಗಿ ನಾವು ಬೇಕಾದ್ರೂ ಬೇಡವಾದ್ರೂ ಈ ವಿಷಯ ಸ್ವಲ್ಪ ತಿಳ್ಕೊಂಡಿರಬೇಕು.

ನಾನು ಡಾಕ್ಟರ್ ಅಲ್ಲ. ಎಂಟೆಕ್ ಮಾಡಿ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ನಮ್ಮ ಸೋದರಮಾವನಿಗೆ ಗುದನಾಳದ ಕ್ಯಾನ್ಸರ್ ಬಂದಾಗ ಫೈಲ್ ಹಿಡಿದು ಜೊತೆಗೆ ಓಡಾಡಿದವನು, ಡಾಕ್ಟರ್ ಹೇಳಿದ್ದನ್ನ ಮನೆಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿದವನು. ಆ ಓಡಾಟದಲ್ಲಿ ಓದಿದ್ದು, ಕೇಳಿ ತಿಳಿದಿದ್ದು ಇವತ್ತಿನ ಮಾತು. ಹೇಳೋದು ಒಂದೇ ವಿಷಯ. ಈ ಕಾಯಿಲೆಯಲ್ಲಿ ಏನು ಚಿಕಿತ್ಸೆ ಅನ್ನೋದರಷ್ಟೇ ಮುಖ್ಯ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು. ಸರದಿ ತಪ್ಪಿದ್ರೆ ಒಳ್ಳೆ ಆಪರೇಷನ್ ಕೂಡ ಕೈ ಕೊಡಬಹುದು.

ಮೂಲವ್ಯಾಧಿ ಅಂದುಕೊಂಡು ಕಳೆದ ತಿಂಗಳುಗಳು

ಗುದನಾಳ ಅಂದ್ರೆ ದೊಡ್ಡ ಕರುಳಿನ ಕೊನೆಯ ಭಾಗ, ಸುಮಾರು 15 ಸೆಂಟಿಮೀಟರ್ ಉದ್ದ. ಇಲ್ಲಿ ಕ್ಯಾನ್ಸರ್ ಶುರುವಾದ್ರೆ ಮೊದಲು ಕಾಣೋದು ಸಾಮಾನ್ಯವಾಗಿ ರಕ್ತ. ಹೋಗಿ ಬಂದ ಮೇಲೂ ಪೂರ್ತಿ ಹೋಗಿಲ್ಲ ಅನ್ನಿಸೋದು, ದಿನಕ್ಕೆ ನಾಲ್ಕೈದು ಸಲ ಓಡೋದು, ಮಲ ಸಣ್ಣದಾಗಿ ಬರೋದು, ಕಾರಣ ಇಲ್ಲದೆ ತೂಕ ಇಳಿಯೋದು, ರಕ್ತ ಕಮ್ಮಿಯಾಗಿ ಸುಸ್ತಾಗೋದು ಇವೂ ಇರಬಹುದು. ಆದ್ರೆ ನಮ್ಮ ಕಡೆ ರಕ್ತ ಕಂಡ ತಕ್ಷಣ ಮನಸ್ಸಿಗೆ ಬರೋದು ಮೂಲವ್ಯಾಧಿ. ಮುಲಾಮು, ಚೂರ್ಣ, ಮಜ್ಜಿಗೆ, ಖಾರ ಬಿಡೋದು, ಹೀಗೆ ದಿನ ಹೋಗುತ್ತೆ.

ನಮ್ಮ ಮಾಮಾನಿಗೆ 51 ವರ್ಷ. ಇಂಡಿ ತಾಲೂಕಿನಲ್ಲಿ ಲಿಂಬೆ ತೋಟ. ಎಂಟು ತಿಂಗಳು ರಕ್ತ ಹೋಗ್ತಿತ್ತು, ಮೂಲವ್ಯಾಧಿ ಅಂತಲೇ ಔಷಧ ನಡೀತಿತ್ತು. ಆ ಎಂಟು ತಿಂಗಳಲ್ಲಿ ಯಾರೂ ಬೆರಳು ಹಾಕಿ ಪರೀಕ್ಷೆ ಮಾಡಿರಲಿಲ್ಲ. ಗುದನಾಳದ ಕೆಳಭಾಗದ ಗಡ್ಡೆಗಳಲ್ಲಿ ಎಷ್ಟೋ ಗಡ್ಡೆ ಡಾಕ್ಟರ ಬೆರಳಿಗೇ ಸಿಗುತ್ತೆ. ಒಂದು ನಿಮಿಷದ ಪರೀಕ್ಷೆ, ಖರ್ಚಿಲ್ಲ. ನಾಚಿಕೆ ಒಂದೇ ಅಡ್ಡಿ. ರೋಗಿ ಹೇಳೋಕೆ ನಾಚಿಕೊಳ್ತಾನೆ, ಡಾಕ್ಟರ್ ಕೇಳೋಕೆ ಸಂಕೋಚ ಪಡ್ತಾರೆ.

"ಇದು ವಯಸ್ಸಾದವರ ಕಾಯಿಲೆ, ನಮಗೇನು" ಅಂತ ಅಂದುಕೊಳ್ಳಬೇಡಿ. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2013–14ರಲ್ಲಿ ತಮ್ಮಲ್ಲಿಗೆ ಬಂದ 800 ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ರೋಗಿಗಳ ಲೆಕ್ಕ ನೋಡಿದಾಗ ಸರಾಸರಿ ವಯಸ್ಸು 47ರ ಆಸುಪಾಸಿನಲ್ಲಿತ್ತು. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಅರವತ್ತು ದಾಟಿದವರ ಕಾಯಿಲೆ. ಮೂವತ್ತು ನಲವತ್ತರ ವಯಸ್ಸಿನವರಿಗೂ ರಕ್ತ ಎರಡು ಮೂರು ವಾರ ನಿಲ್ಲದೆ ಹೋಗ್ತಿದ್ರೆ ಬೆರಳು ಪರೀಕ್ಷೆ, ಬೇಕಾದ್ರೆ ಕೊಲೊನೊಸ್ಕೋಪಿ ಮಾಡಿಸಲೇಬೇಕು.

"ಅಡ್ವಾನ್ಸ್ಡ್" ಅಂದ್ರೆ ಮುಗೀತು ಅಂತಲ್ಲ

ಕೊಲೊನೊಸ್ಕೋಪಿಯಲ್ಲಿ ಗಡ್ಡೆ ಕಂಡ್ರೆ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸ್ತಾರೆ. ಅದು ಕ್ಯಾನ್ಸರ್ ಅಂತ ಬಂದ ಮೇಲೆ ಮೂರು ಕೆಲಸ: ಕಿಬ್ಬೊಟ್ಟೆಯ ಎಂಆರ್‌ಐ, ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್, ಸಿಇಎ ಅನ್ನೋ ರಕ್ತ ಪರೀಕ್ಷೆ. ಸಿಟಿ ಹೇಳೋದು ಯಕೃತ್ತಿಗೆ, ಶ್ವಾಸಕೋಶಕ್ಕೆ ಹರಡಿದೆಯಾ ಅಂತ. ಎಂಆರ್‌ಐ ಹೇಳೋದು ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಸುತ್ತ ಇರೋ ಗ್ರಂಥಿಗಳಿಗೆ ಬಂದಿದೆಯಾ, ಆಪರೇಷನ್ ಮಾಡುವಾಗ ಕತ್ತರಿಸೋ ಅಂಚಿನಿಂದ ಎಷ್ಟು ದೂರ ಇದೆ ಅಂತ.

ರಿಪೋರ್ಟಿನಲ್ಲಿ "ಲೋಕಲಿ ಅಡ್ವಾನ್ಸ್ಡ್" ಅಂತ ಬರೆದಿರುತ್ತೆ. ಮನೆಯವರಿಗೆ ಕೇಳೋದು "ಅಡ್ವಾನ್ಸ್ಡ್" ಅನ್ನೋ ಒಂದು ಪದ ಮಾತ್ರ. ನಮ್ಮ ಅತ್ತಿ ಅಲ್ಲೇ ಕಾರಿಡಾರಿನಲ್ಲಿ ಅಳೋಕೆ ಶುರು ಮಾಡಿದ್ರು. ಆ ಪದದ ಅರ್ಥ ಇಷ್ಟೇ: ಗಡ್ಡೆ ಕರುಳಿನ ಗೋಡೆ ದಾಟಿದೆ, ಅಥವಾ ಪಕ್ಕದ ಗ್ರಂಥಿಗೆ ಬಂದಿದೆ, ಆದ್ರೆ ಅದೇ ಜಾಗದಲ್ಲಿದೆ. ದೂರದ ಅಂಗಗಳಿಗೆ ಹೋಗಿಲ್ಲ. ಇದನ್ನ ಪೂರ್ತಿ ಗುಣ ಮಾಡಬೇಕು ಅನ್ನೋ ಗುರಿ ಇಟ್ಟುಕೊಂಡೇ ಚಿಕಿತ್ಸೆ ಕೊಡ್ತಾರೆ. ಈ ಒಂದು ವಾಕ್ಯವನ್ನ ಮನೆಯವರಿಗೆ ಅದೇ ದಿನ, ಅಲ್ಲೇ ನಿಂತು ತಿಳಿಸಿ ಹೇಳಿ. ಮಾರನೇ ದಿನಕ್ಕೆ ಇಟ್ಟುಕೊಂಡ್ರೆ ಅಷ್ಟರಲ್ಲಿ ಊರಿಗೆಲ್ಲ ಬೇರೆ ಸುದ್ದಿ ಹೋಗಿರುತ್ತೆ.

ಮೊದಲೇ ಯಾಕೆ ಕೊಯ್ಯಲ್ಲ?

ಎಲ್ಲರ ಪ್ರಶ್ನೆ ಇದೇ. ಮಾಮಾ ಕೇಳಿದ್ದು ಹೀಗೆ: "ಏ ತಮ್ಮಾ, ಮನಿಯೊಳಗ ಕಳ್ಳ ಹೊಕ್ಕಾನ ಅಂತ ಗೊತ್ತಾದ ಮ್ಯಾಲೆ ಐದಾರ ತಿಂಗಳ ಬಿಟ್ಟು ಹಿಡಿತೀವಿ ಅಂದ್ರ ಹೆಂಗ? ನಾಳಿಗೇ ಕೊಯ್ದ ತೆಗೀರಿ ಅನ್ನು ಅವರಿಗೆ."

ಉತ್ತರ ಎರಡು ಭಾಗದಲ್ಲಿದೆ. ಮೊದಲನೆಯದು ಜಾಗದ ಸಮಸ್ಯೆ. ಗುದನಾಳ ಇರೋದು ಸೊಂಟದ ಮೂಳೆಯ ಬಟ್ಟಲಿನ ಒಳಗೆ. ಮುಂದೆ ಮೂತ್ರಕೋಶ, ಗಂಡಸರಲ್ಲಿ ಪ್ರೋಸ್ಟೇಟ್, ಹೆಂಗಸರಲ್ಲಿ ಗರ್ಭಕೋಶ. ಹಿಂದೆ ಬೆನ್ನುಮೂಳೆಯ ತುದಿ. ಸುತ್ತ ಮೂತ್ರಕ್ಕೂ ಲೈಂಗಿಕ ಶಕ್ತಿಗೂ ಬೇಕಾದ ನರಗಳು. ಗುದನಾಳವನ್ನ ಸುತ್ತಿಕೊಂಡು ಕೊಬ್ಬಿನ ಒಂದು ಕವಚ ಇದೆ, ಗ್ರಂಥಿಗಳು ಇರೋದು ಅದರಲ್ಲೇ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಅನ್ನೋ ಊರಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಬರೆದು ತೋರಿಸಿದ್ದು ಏನಂದ್ರೆ, ಗಡ್ಡೆಯನ್ನ ಮಾತ್ರ ತೆಗೆಯಬಾರದು, ಈ ಕವಚವನ್ನ ಹರಿಯದ ಹಾಗೆ ಇಡಿಯಾಗಿ ಬಿಡಿಸಿ ತೆಗೆಯಬೇಕು. ಹಾಗೆ ಮಾಡಿದ್ರೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳೋದು ತುಂಬಾ ಕಮ್ಮಿಯಾಗುತ್ತೆ. ಇದಕ್ಕೆ ಟಿಎಂಇ ಅಂತಾರೆ, ಇವತ್ತು ಇಡೀ ಜಗತ್ತಿನ ಸರ್ಜನ್‌ಗಳು ಕಲಿಯೋದು ಇದನ್ನೇ. ಆದ್ರೆ ಗಡ್ಡೆ ಈ ಕವಚದ ಹೊರ ಅಂಚನ್ನೇ ಮುಟ್ಟಿದ್ರೆ? ಎಷ್ಟೇ ಚೆನ್ನಾಗಿ ಕತ್ತರಿಸಿದ್ರೂ ಕ್ಯಾನ್ಸರ್ ಒಳಗೇ ಉಳಿಯೋ ಅಪಾಯ ಇರುತ್ತೆ. ಸೊಂಟದೊಳಗೆ ಮರಳಿ ಬಂದ ಕ್ಯಾನ್ಸರ್ ಬಹಳ ನೋವು ಕೊಡುತ್ತೆ, ಎರಡನೇ ಸಲ ತೆಗೆಯೋದು ಇನ್ನೂ ಕಷ್ಟ. ಹಾಗಾಗಿ ಮೊದಲು ಅದನ್ನ ಕುಗ್ಗಿಸಿ, ಅಂಚಿನಿಂದ ಹಿಂದಕ್ಕೆ ಸರಿಸಿ, ಆಮೇಲೆ ಕತ್ತರಿ.

ಇದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ. ಜರ್ಮನಿಯಲ್ಲಿ 800ಕ್ಕೂ ಹೆಚ್ಚು ರೋಗಿಗಳನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಆಪರೇಷನ್‌ಗೆ ಮೊದಲೇ ರೇಡಿಯೇಷನ್ ಮತ್ತು ಕಿಮೋ, ಇನ್ನೊಂದಕ್ಕೆ ಆಪರೇಷನ್ ಆದ ಮೇಲೆ. ಔಷಧ ಹೆಚ್ಚುಕಮ್ಮಿ ಅದೇ, ಬದಲಾಗಿದ್ದು ಸರದಿ. 2004ರಲ್ಲಿ ಫಲಿತಾಂಶ ಬಂತು: ಐದು ವರ್ಷದಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಮೊದಲ ಗುಂಪಿನಲ್ಲಿ ಶೇ. 6, ಎರಡನೆಯದರಲ್ಲಿ ಶೇ. 13. ಅಡ್ಡಪರಿಣಾಮವೂ ಮೊದಲ ಗುಂಪಿನಲ್ಲೇ ಕಮ್ಮಿ. ಆದ್ರೆ ಬದುಕಿ ಉಳಿದವರ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ.

ಯಾಕೆ ಇರಲಿಲ್ಲ? ಇದೇ ಉತ್ತರದ ಎರಡನೇ ಭಾಗ. ಕಳ್ಳ ಒಬ್ಬನೇ ಅಲ್ಲ. ಅವನ ಜೊತೆಗಾರರು ಆಗಲೇ ಬೇಲಿ ಹಾರಿರಬಹುದು. ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ರಕ್ತದಲ್ಲಿ ಸೇರಿ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಕೂತಿರಬಹುದು. ಅವರನ್ನ ಹಿಡಿಯೋದು ಕಿಮೋ ಕೆಲಸ. ಮುಂಚೆ ಪೂರ್ಣ ಪ್ರಮಾಣದ ಕಿಮೋ ಆಪರೇಷನ್ ಆದ ಮೇಲೆ ಕೊಡ್ತಿದ್ರು. ದೊಡ್ಡ ಆಪರೇಷನ್ ಆಗಿ, ದೇಹ ಸೊರಗಿ, ಹೊಟ್ಟೆಗೆ ಚೀಲ ಬಂದ ಮೇಲೆ ಎಷ್ಟೋ ಜನ ಆ ಕಿಮೋ ಶುರುವೇ ಮಾಡ್ತಿರಲಿಲ್ಲ, ಶುರು ಮಾಡಿದವರು ಅರ್ಧಕ್ಕೇ ಬಿಡ್ತಿದ್ರು. ಅದಕ್ಕೆ ವೈದ್ಯರು ಕಿಮೋವನ್ನೂ ಮುಂದಕ್ಕೆ ತಂದ್ರು. ರೋಗಿ ಗಟ್ಟಿಯಾಗಿರುವಾಗಲೇ ಅದನ್ನ ಮುಗಿಸಿಬಿಡೋದು, ಆಮೇಲೆ ಆಪರೇಷನ್. ಇದಕ್ಕೆ ಟೋಟಲ್ ನಿಯೋಅಡ್ಜುವೆಂಟ್ ಥೆರಪಿ, ಚಿಕ್ಕದಾಗಿ ಟಿಎನ್‌ಟಿ ಅಂತ ಹೆಸರು.

ಮೂರು ದಾರಿ, ಯಾರಿಗೆ ಯಾವುದು

ಎಲ್ಲರಿಗೂ ಒಂದೇ ಟಿಎನ್‌ಟಿ ಅಲ್ಲ. ಮೂರು ದೊಡ್ಡ ಅಧ್ಯಯನಗಳನ್ನ ನೆನಪಿಟ್ಟುಕೊಂಡ್ರೆ ಡಾಕ್ಟರ್ ಮಾತು ಅರ್ಥವಾಗುತ್ತೆ.

ಒಂದು, ರಾಪಿಡೊ. ಯುರೋಪು ಮತ್ತು ಅಮೆರಿಕದಲ್ಲಿ 900ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದಿದ್ದು. ಐದು ದಿನ ಮಾತ್ರ ರೇಡಿಯೇಷನ್, ಆಮೇಲೆ 18 ವಾರ ಕಿಮೋ, ಕೊನೆಗೆ ಆಪರೇಷನ್. ಹಳೆ ಪದ್ಧತಿಯಲ್ಲಿ ಮೂರು ವರ್ಷದೊಳಗೆ ದೂರದ ಅಂಗಕ್ಕೆ ಹರಡಿದ್ದು ನೂರಕ್ಕೆ ಸುಮಾರು 27 ಜನರಿಗೆ, ಹೊಸದರಲ್ಲಿ 20. ಆಪರೇಷನ್ ಮಾಡಿ ತೆಗೆದ ಭಾಗದಲ್ಲಿ ಒಂದು ಕ್ಯಾನ್ಸರ್ ಕಣವೂ ಸಿಗದವರು ಶೇ. 14ರಿಂದ ಶೇ. 28ಕ್ಕೆ ಏರಿದ್ರು. ಇದಕ್ಕೆ ಇನ್ನೊಂದು ಮುಖವೂ ಇದೆ. ಐದು ವರ್ಷದ ಲೆಕ್ಕ ಬಂದಾಗ ಅದೇ ಜಾಗದಲ್ಲಿ ಮರಳಿದ್ದು ಹೊಸ ಪದ್ಧತಿಯಲ್ಲೇ ಜಾಸ್ತಿ, ಶೇ. 10, ಹಳೆಯದರಲ್ಲಿ ಶೇ. 6. ಹಾಗಾಗಿ ಕೆಲವು ಡಾಕ್ಟರು ಐದು ದಿನದ್ದು ಬೇಡ, ಐದಾರು ವಾರದ ರೇಡಿಯೇಷನ್ ಇರಲಿ ಅಂದ್ರೆ ಅದಕ್ಕೂ ಕಾರಣ ಇದೆ.

ಎರಡು, ಫ್ರಾನ್ಸಿನ ಪ್ರೊಡಿಜ್ 23. ಇದರಲ್ಲಿ ಮೊದಲೇ ಕಿಮೋ, ಆಮೇಲೆ ದೀರ್ಘ ರೇಡಿಯೇಷನ್, ಆಮೇಲೆ ಆಪರೇಷನ್. 461 ರೋಗಿಗಳು. ಮೂರು ವರ್ಷ ಕಾಯಿಲೆ ಮರಳದೆ ಇದ್ದವರು ಶೇ. 76, ಹಳೆ ಪದ್ಧತಿಯಲ್ಲಿ ಶೇ. 69.

ಮೂರು, ಪ್ರಾಸ್ಪೆಕ್ಟ್, 2023ರಲ್ಲಿ ಬಂದಿದ್ದು. ಇದು ಕೇಳಿದ್ದು ಬೇರೆ ಪ್ರಶ್ನೆ: ಕೆಲವರಿಗೆ ರೇಡಿಯೇಷನ್ ಬೇಕೇಬೇಕಾ, ಬರೀ ಕಿಮೋ ಕೊಟ್ಟು ಆಪರೇಷನ್ ಮಾಡಿದ್ರೆ ಆಗಲ್ವಾ? ಐದು ವರ್ಷ ಕಾಯಿಲೆ ಇಲ್ಲದೆ ಇದ್ದವರು ಕಿಮೋ ಗುಂಪಿನಲ್ಲಿ ಶೇ. 80.8, ರೇಡಿಯೇಷನ್ ಗುಂಪಿನಲ್ಲಿ ಶೇ. 78.6. ಕಿಮೋ ಗುಂಪಿನ ನೂರರಲ್ಲಿ ಒಂಬತ್ತು ಜನರಿಗೆ ಮಾತ್ರ ಆಪರೇಷನ್‌ಗೆ ಮೊದಲು ರೇಡಿಯೇಷನ್ ಬೇಕಾಯ್ತು. ರೇಡಿಯೇಷನ್ ತಪ್ಪಿದ್ರೆ ಕರುಳಿಗೆ, ಲೈಂಗಿಕ ಆರೋಗ್ಯಕ್ಕೆ, ಮಕ್ಕಳಾಗೋ ಸಾಧ್ಯತೆಗೆ ಆಗೋ ಹಾನಿ ತಪ್ಪುತ್ತೆ. ಆದ್ರೆ ಈ ದಾರಿ ಎಲ್ಲರಿಗಲ್ಲ. ಗಡ್ಡೆ ಪಕ್ಕದ ಅಂಗಕ್ಕೆ ಅಂಟಿದ್ರೆ, ಅಂಚು ಮುಟ್ಟಿದ್ರೆ, ತುಂಬಾ ಕೆಳಗಿದ್ದು ಗುದದ್ವಾರವನ್ನೇ ತೆಗೆಯಬೇಕಾದ್ರೆ, ಅಂಥವರನ್ನ ಆ ಅಧ್ಯಯನಕ್ಕೆ ಸೇರಿಸಿಯೇ ಇರಲಿಲ್ಲ.

ಮಾಮಾನ ಗಡ್ಡೆ ಗುದದ್ವಾರದಿಂದ ಏಳು ಸೆಂಟಿಮೀಟರ್ ಮೇಲೆ ಇತ್ತು, ಒಂದು ಕಡೆ ಅಂಚನ್ನ ಮುಟ್ಟಿತ್ತು, ಗ್ರಂಥಿಗೂ ಬಂದಿತ್ತು. ಸರ್ಜನ್, ರೇಡಿಯೇಷನ್ ತಜ್ಞರು, ಕಿಮೋ ತಜ್ಞರು, ಸ್ಕ್ಯಾನ್ ಓದೋರು ಒಟ್ಟಿಗೆ ಕೂತು ತೀರ್ಮಾನ ಮಾಡಿದ್ರು: ಐದು ದಿನ ರೇಡಿಯೇಷನ್, ಆರು ಸುತ್ತು ಕಿಮೋ, ಮತ್ತೆ ಎಂಆರ್‌ಐ, ಆಮೇಲೆ ಆಪರೇಷನ್. ಇಂಥ ಸಭೆಗೆ ಟ್ಯೂಮರ್ ಬೋರ್ಡ್ ಅಂತಾರೆ. ನೀವು ಯಾವ ಆಸ್ಪತ್ರೆಗೇ ಹೋಗಿ, "ಈ ಕೇಸು ಟ್ಯೂಮರ್ ಬೋರ್ಡಿನಲ್ಲಿ ಚರ್ಚೆ ಆಗಿದೆಯಾ" ಅಂತ ಮೊದಲು ಕೇಳಿ.

ಇನ್ನೊಂದು ವಿನಾಯಿತಿಯನ್ನೂ ಹೇಳಿಬಿಡ್ತೀನಿ. ಗಡ್ಡೆ ಕರುಳನ್ನೇ ಮುಚ್ಚಿ, ಹೊಟ್ಟೆ ಉಬ್ಬಿ, ವಾಂತಿ ಆಗ್ತಿದ್ರೆ ಕಿಮೋಗೆ ಕಾಯೋ ಹಾಗಿಲ್ಲ. ಮೊದಲು ಮಲ ಹೊರಗೆ ಹೋಗೋಕೆ ಹೊಟ್ಟೆಯ ಮೇಲೆ ದಾರಿ ಮಾಡ್ತಾರೆ. ಅದಾದ ಮೇಲೆ ಮತ್ತೆ ಅದೇ ಸರದಿ.

ಕಿಮೋದ ಐದು ತಿಂಗಳು

ಕೇಪಾಕ್ಸ್ ಅನ್ನೋ ಪದ್ಧತಿ ಹೀಗಿರುತ್ತೆ: 21 ದಿನಕ್ಕೆ ಒಂದು ಸುತ್ತು. ಮೊದಲ ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಎರಡು ವಾರ ಬೆಳಿಗ್ಗೆ ಸಂಜೆ ಕೇಪ್‌ಸಿಟಬಿನ್ ಮಾತ್ರೆ, ಒಂದು ವಾರ ಬಿಡುವು. ಮಾತ್ರೆ ಮನೆಯಲ್ಲೇ. ಹಾಗಾಗಿ ಆಸ್ಪತ್ರೆಯ ಅರ್ಧ ಜವಾಬ್ದಾರಿ ಮನೆಗೆ ಬರುತ್ತೆ, ಅಂದ್ರೆ ನಮಗೆ.

ಆಕ್ಸಾಲಿಪ್ಲಾಟಿನ್‌ಗೆ ತಂಪು ಆಗಲ್ಲ. ಫ್ರಿಜ್ಜಿನ ನೀರು ಕುಡಿದ್ರೆ ಗಂಟಲು ಹಿಡಿದ ಹಾಗಾಗುತ್ತೆ, ಸ್ಟೀಲ್ ಲೋಟ ಮುಟ್ಟಿದ್ರೂ ಬೆರಳು ಜುಮ್ಮೆನ್ನುತ್ತೆ. ಬೆಚ್ಚಗಿನ ನೀರು ಕೊಡಿ, ಡ್ರಿಪ್ ಆದ ದಿನಗಳಲ್ಲಿ ಏಸಿ ಬೋಗಿ ಬೇಡ. ಜುಮ್ಮೆನ್ನೋದು ಸುತ್ತಿನಿಂದ ಸುತ್ತಿಗೆ ನಿಲ್ಲದೆ ಉಳಿದ್ರೆ, ಅಂಗಿ ಗುಂಡಿ ಹಾಕೋಕೆ ಕಷ್ಟವಾದ್ರೆ ಡಾಕ್ಟರಿಗೆ ಹೇಳಲೇಬೇಕು, ಪ್ರಮಾಣ ಇಳಿಸ್ತಾರೆ. ಮಾತ್ರೆಯಿಂದ ಅಂಗೈ ಅಂಗಾಲು ಕೆಂಪಾಗಿ ಸುಲಿಯಬಹುದು. ಭೇದಿ ನಿಲ್ಲದಿದ್ರೆ ಮಾತ್ರೆ ಮುಂದುವರಿಸಬೇಡಿ, ತಕ್ಷಣ ಫೋನ್ ಮಾಡಿ. ಜ್ವರ 100.4 ಡಿಗ್ರಿ ಮುಟ್ಟಿದ್ರೆ ಕ್ರೋಸಿನ್ ಕೊಟ್ಟು ಬೆಳಗಿನ ತನಕ ನೋಡೋಣ ಅನ್ನಬೇಡಿ. ಬಿಳಿ ರಕ್ತಕಣ ಇಳಿದಿದ್ರೆ ಆ ಜ್ವರ ರಾತ್ರಿಯೊಳಗೆ ಪ್ರಾಣಕ್ಕೇ ಬರಬಹುದು. ಎಲ್ಲಿದ್ದೀರೋ ಅಲ್ಲಿಂದ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, "ಕಿಮೋ ನಡೀತಿದೆ" ಅಂತ ಬಾಗಿಲಲ್ಲೇ ಹೇಳಿ.

ಮದುವೆಯಾಗದ, ಮಕ್ಕಳಾಗದ ವಯಸ್ಸಿನವರಾಗಿದ್ರೆ ಚಿಕಿತ್ಸೆ ಶುರುವಾಗೋ ಮೊದಲೇ ವೀರ್ಯ ಅಥವಾ ಅಂಡಾಣು ಕಾಪಿಡೋ ಬಗ್ಗೆ ಕೇಳಿ. ಆಮೇಲೆ ಕೇಳಿದ್ರೆ ತಡವಾಗಿರುತ್ತೆ.

ಈಗ ನಿಜವಾದ ಅಪಾಯದ ಘಟ್ಟ. ಎರಡು ಸುತ್ತು ಆಗೋಷ್ಟರಲ್ಲಿ ಮಾಮಾನಿಗೆ ರಕ್ತ ನಿಂತು ಹೋಯ್ತು, ಹಸಿವು ಬಂತು. "ಈಗ ನನಗೇನೂ ಇಲ್ಲ. ಊರಿಗೆ ಹೋಗಿ ಲಿಂಬಿಗಿಡಕ್ಕ ನೀರ ಬಿಡ್ತೀನಿ. ಆಪರೇಷನ್ ಯಾಕ?" ಅಂದ. ಮೊದಲು ನಾಳೆಯೇ ಕೊಯ್ಯಿರಿ ಅಂದವನೇ ಈಗ ಕೊಯ್ಯೋದೇ ಬೇಡ ಅಂದ. ಎರಡರ ಹಿಂದೆಯೂ ಇದ್ದಿದ್ದು ಒಂದೇ ಭಯ. ಅವನ ಜೊತೆ ಜಗಳ ಆಡೋಕೆ ಆಗಲ್ಲ, ಅವನು ದೊಡ್ಡವನು. ನಾನು ಮಾಡಿದ್ದು ಇಷ್ಟೇ: ಮುಂದಿನ ಭೇಟಿಯಲ್ಲಿ ಹಳೆ ಎಂಆರ್‌ಐ ಚಿತ್ರವನ್ನ ಡಾಕ್ಟರ್ ಕೈಯಿಂದಲೇ ತೋರಿಸಿಸಿ, "ರಕ್ತ ನಿಂತ ಮಾತ್ರಕ್ಕೆ ಇದು ಹೋಗಿದೆಯಾ?" ಅಂತ ಅವನ ಎದುರಿಗೇ ಕೇಳಿದೆ. ಕಿಮೋಗೆ ಗಡ್ಡೆಯ ಮೇಲ್ಮೈ ಬೇಗ ಒಣಗುತ್ತೆ, ಬೇರು ಉಳಿದಿರುತ್ತೆ ಅಂತ ಅವರು ಹೇಳಿದ್ರು. ತೋಟದವನಿಗೆ ಬೇರಿನ ಮಾತು ತಿಳೀತು.

ಕೆಲವರಲ್ಲಿ ನಿಜಕ್ಕೂ ಗಡ್ಡೆ ಪೂರ್ತಿ ಮಾಯವಾಗುತ್ತೆ. ಅಂಥವರನ್ನ ಆಪರೇಷನ್ ಮಾಡದೆ ಕಣ್ಣಿಟ್ಟು ಕಾಯಬಹುದು ಅಂತ ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ 2004ರಲ್ಲಿ ಬರೆದಾಗ ಬಹಳ ಜನ ಒಪ್ಪಲಿಲ್ಲ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಅದು ಒಂದು ಅಂಗೀಕೃತ ದಾರಿ. ಅಮೆರಿಕದ ಓಪ್ರಾ ಅಧ್ಯಯನದ 324 ರೋಗಿಗಳಲ್ಲಿ, ರೇಡಿಯೇಷನ್ ಆದ ಮೇಲೆ ಕಿಮೋ ಪಡೆದ ಗುಂಪಿನ ಅರ್ಧದಷ್ಟು ಜನ ಮೂರು ವರ್ಷದ ನಂತರವೂ ಗುದನಾಳ ಉಳಿಸಿಕೊಂಡಿದ್ರು. ಆದ್ರೆ ಇದು ರಜೆ ಅಲ್ಲ. ಕೆಲವೇ ತಿಂಗಳಿಗೊಮ್ಮೆ ಸ್ಕೋಪಿ, ಎಂಆರ್‌ಐ ಆಗಬೇಕು, ಮರಳೋದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಊರಿಗೆ ಹೋಗಿ ತಿರುಗಿ ಬಾರದವರಿಗೆ ಈ ದಾರಿ ಅಲ್ಲವೇ ಅಲ್ಲ.

2022ರ ಜೂನ್‌ನಲ್ಲಿ "ಕ್ಯಾನ್ಸರ್ ಮಾಯ ಮಾಡೋ ಔಷಧ" ಅಂತ ವಾಟ್ಸ್ಯಾಪ್‌ನಲ್ಲಿ ಓಡಾಡಿದ ಸುದ್ದಿ ನೆನಪಿದೆಯಾ? ಅದು ಇದೇ ಗುದನಾಳದ ಕ್ಯಾನ್ಸರ್. ಡೊಸ್ಟಾರ್ಲಿಮ್ಯಾಬ್ ಅನ್ನೋ ಇಮ್ಯುನೋಥೆರಪಿ ಔಷಧ, ನ್ಯೂಯಾರ್ಕಿನ 12 ರೋಗಿಗಳು, 12 ಜನರಿಗೂ ಗಡ್ಡೆ ಮಾಯ. ಸುದ್ದಿ ನಿಜ. ಆದ್ರೆ ಅವರೆಲ್ಲರದ್ದೂ ಎಂಎಂಆರ್ ಕೊರತೆ ಇರೋ ವಿಶೇಷ ಬಗೆಯ ಗಡ್ಡೆ, ಗುದನಾಳದ ಕ್ಯಾನ್ಸರ್‌ಗಳಲ್ಲಿ ಅದು ನೂರಕ್ಕೆ ಐದರಿಂದ ಹತ್ತು. ಬಯಾಪ್ಸಿ ಚೂರಿನಲ್ಲೇ ಈ ಎಂಎಂಆರ್ ಪರೀಕ್ಷೆ ಆಗುತ್ತೆ. ಆ ಸುದ್ದಿಯನ್ನ ಫಾರ್ವರ್ಡ್ ಮಾಡೋ ಬದಲು, ಆ ಪರೀಕ್ಷೆ ಆಗಿದೆಯಾ ಅಂತ ಕೇಳಿ.

ಸಣ್ಣ ತೂತಿನ ಆಪರೇಷನ್, ದೊಡ್ಡ ತಪ್ಪುಕಲ್ಪನೆ

ಈ ಸರದಿಯ ಕೊನೆಗೆ ಬರೋದು ಆಪರೇಷನ್. ಮಹಾರಾಷ್ಟ್ರದಲ್ಲೂ ನಮ್ಮ ಗಡಿ ಕಡೆಯೂ ದುರ್ಬೀನ್ ಆಪರೇಷನ್ ಅಂತಾರೆ, ಅದೇ ಲ್ಯಾಪರೋಸ್ಕೋಪಿ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು, ಒಳಗೆ ಗಾಳಿ ತುಂಬಿ ಜಾಗ ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ. ತೆಗೆದ ಭಾಗವನ್ನ ಹೊರಗೆ ತರೋಕೆ ಮಾತ್ರ ಒಂದು ಚಿಕ್ಕ ಸೀಳು. ರೋಬೋಟಿಕ್ ಅಂದ್ರೂ ಇದೇ ಆಪರೇಷನ್. ಸರ್ಜನ್ ಅದೇ ಕೋಣೆಯಲ್ಲಿ ಕನ್ಸೋಲ್ ಮುಂದೆ ಕೂತು ತೋಳುಗಳನ್ನ ಆಡಿಸ್ತಾರೆ. ರೋಬೋಟ್ ತಾನಾಗಿ ಏನೂ ಕೊಯ್ಯಲ್ಲ. ನಮ್ಮ ಐಟಿ ಸ್ನೇಹಿತರಲ್ಲೇ ಎಷ್ಟೋ ಜನ ಅದೇನೋ ಆಟೊಮೇಷನ್ ಅಂದುಕೊಂಡಿದ್ದಾರೆ.

ಮಾಮಾನ ಕಿವಿಗೆ ಯಾರೋ ಹಾಕಿದ್ರು: "ರೋಬೋಟ್‌ಲೆ ಮಾಡಿಸಿದ್ರ ಪಕ್ಕಾ ಅಂತ. ಎರಡ ಎಕರೆ ತ್ವಾಟಾ ಕೊಟ್ಟಬಿಡ್ತೀನಿ." ಹಾಗಾಗಿ ಇದರ ಲೆಕ್ಕ ಓದಲೇಬೇಕಾಯ್ತು. ಕಲರ್ ಟೂ ಅನ್ನೋ ಅಧ್ಯಯನ 1044 ರೋಗಿಗಳಲ್ಲಿ ತೆರೆದ ಆಪರೇಷನ್ನನ್ನೂ ಲ್ಯಾಪರೋಸ್ಕೋಪಿಯನ್ನೂ ಹೋಲಿಸಿತ್ತು, ಫಲಿತಾಂಶ 2015ರಲ್ಲಿ ಬಂತು. ಮೂರು ವರ್ಷದಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಎರಡರಲ್ಲೂ ಶೇ. 5. ಅದೇ ವರ್ಷ ಅಮೆರಿಕದ ಒಂದು, ಆಸ್ಟ್ರೇಲಿಯಾ–ನ್ಯೂಜಿಲೆಂಡಿನ ಇನ್ನೊಂದು ಅಧ್ಯಯನಕ್ಕೆ ಮಾತ್ರ ಲ್ಯಾಪರೋಸ್ಕೋಪಿ ತೆರೆದದ್ದಕ್ಕೆ ಸಮ ಅಂತ ಸಾಬೀತು ಮಾಡೋಕೆ ಆಗಲಿಲ್ಲ. ಅಂದ್ರೆ ಅದು ಸುಲಭದ ಆಪರೇಷನ್ ಅಲ್ಲ, ಪಳಗಿದ ಕೈ ಬೇಕು. 2017ರಲ್ಲಿ ಬಂದ ರೋಲಾರ್ 471 ರೋಗಿಗಳಲ್ಲಿ ರೋಬೋಟನ್ನೂ ಲ್ಯಾಪರೋಸ್ಕೋಪಿಯನ್ನೂ ಹೋಲಿಸಿತು. ಅರ್ಧಕ್ಕೆ ಬಿಟ್ಟು ಹೊಟ್ಟೆ ತೆರೆಯಬೇಕಾಗಿ ಬಂದಿದ್ದು ರೋಬೋಟಿನಲ್ಲಿ ಶೇ. 8.1, ಲ್ಯಾಪರೋಸ್ಕೋಪಿಯಲ್ಲಿ ಶೇ. 12.2. ಆ ವ್ಯತ್ಯಾಸ ಖಚಿತ ಅನ್ನೋಷ್ಟು ದೊಡ್ಡದಾಗಿರಲಿಲ್ಲ.

ಇದರ ಸಾರ: ಸಣ್ಣ ತೂತಿನಿಂದ ನೋವು ಕಮ್ಮಿ, ಕರುಳು ಬೇಗ ಕೆಲಸ ಶುರು ಮಾಡುತ್ತೆ, ಬೇಗ ಮನೆಗೆ ಬರಬಹುದು. ಕ್ಯಾನ್ಸರ್ ಗುಣವಾಗೋದು ನಿಂತಿರೋದು ಒಳಗೆ ಆ ಕವಚ ಇಡಿಯಾಗಿ ಬಂತಾ, ಅಂಚು ಚೊಕ್ಕವಾಗಿದೆಯಾ ಅನ್ನೋದರ ಮೇಲೆ. ಇಕ್ಕಟ್ಟಾದ ಸೊಂಟ, ದಪ್ಪ ದೇಹ, ಕೆಳಗಿನ ಗಡ್ಡೆ ಇದ್ದಾಗ ರೋಬೋಟ್ ಸರ್ಜನ್‌ಗೆ ಅನುಕೂಲ ಆಗಬಹುದು. ಆದ್ರೆ ಅದಕ್ಕಾಗಿ ಹೊಲ ಮಾರಬೇಕಿಲ್ಲ. "ನೀವು ವರ್ಷಕ್ಕೆ ಗುದನಾಳದ ಆಪರೇಷನ್ ಎಷ್ಟು ಮಾಡ್ತೀರಿ" ಅಂತ ಸರ್ಜನ್‌ರನ್ನ ವಿನಯದಿಂದ ಕೇಳಿ. ಯಾವ ಮಷೀನು ಅನ್ನೋದಕ್ಕಿಂತ ಆ ಉತ್ತರ ಮುಖ್ಯ. ಮಾಮಾನಿಗೆ ಲ್ಯಾಪರೋಸ್ಕೋಪಿಯಲ್ಲೇ ಆಯ್ತು. ತೋಟ ಉಳೀತು. ಕಿಮೋ ಆದ ಮೇಲಿನ ಎಂಆರ್‌ಐನಲ್ಲಿ ಗಡ್ಡೆ ಅಂಚಿನಿಂದ ಹಿಂದೆ ಸರಿದಿತ್ತು. ತೆಗೆದ ಭಾಗದ ರಿಪೋರ್ಟಿನಲ್ಲಿ ಸ್ವಲ್ಪ ಕ್ಯಾನ್ಸರ್ ಉಳಿದಿತ್ತು, ಅಂಚು ಚೊಕ್ಕ ಇತ್ತು.

ಪಿಶವಿಯ ಮಾತು

ಎಲ್ಲರೂ ಹೆದರೋದು ಇದಕ್ಕೆ. ಗುದದ್ವಾರದ ಸ್ನಾಯುವಿಗೇ ಕ್ಯಾನ್ಸರ್ ಬಂದಿದ್ರೆ ಅದನ್ನ ತೆಗೆದು ಹೊಟ್ಟೆಯ ಮೇಲೆ ಶಾಶ್ವತ ದಾರಿ ಮಾಡ್ತಾರೆ. ಸ್ನಾಯು ಉಳಿದ್ರೆ ಕರುಳನ್ನ ಮತ್ತೆ ಜೋಡಿಸ್ತಾರೆ, ಆ ಹೊಲಿಗೆ ಮಾಯೋ ತನಕ ಸಾಮಾನ್ಯವಾಗಿ ತಾತ್ಕಾಲಿಕ ದಾರಿ ಇಡ್ತಾರೆ. ಎರಡರಲ್ಲೂ ಹೊಟ್ಟೆಗೆ ಚೀಲ ಅಂಟಿಸಬೇಕು. "ಪಿಶವಿ ಕಟ್ಕೊಂಡು ಜಾತ್ರಿಗೆ ಹೆಂಗ ಹೋಗ್ಲಿ?" ಅನ್ನೋದು ಮಾಮಾನ ಪ್ರಶ್ನೆ. ದೊಡ್ಡ ಆಸ್ಪತ್ರೆಗಳಲ್ಲಿ ಸ್ಟೋಮಾ ನರ್ಸ್ ಇರ್ತಾರೆ. ಆಪರೇಷನ್‌ಗೆ ಮೊದಲೇ ರೋಗಿಯನ್ನ ಕೂರಿಸಿ, ನಿಲ್ಲಿಸಿ, ಪಂಚೆ ಎಲ್ಲಿ ಕಟ್ತಾನೆ ಅಂತ ನೋಡಿ ಜಾಗ ಗುರುತು ಮಾಡ್ತಾರೆ. ಆ ಭೇಟಿಗೆ ಹೆಂಡತಿಯನ್ನೂ ಕರ್ಕೊಂಡು ಹೋಗಿ. ಅತ್ತಿ ನಾಲ್ಕು ದಿನದಲ್ಲಿ ಚೀಲ ಬದಲಿಸೋದು ಕಲಿತರು, ಮಾಮಾ ಕಲಿಯೋಕೆ ಎರಡು ವಾರ ತಗೊಂಡ. ಮೂರು ತಿಂಗಳಾದ ಮೇಲೆ ಆ ದಾರಿ ಮುಚ್ಚಿದ್ರು.

ಮುಚ್ಚಿದ ಮೇಲೆ ಎಲ್ಲ ಮೊದಲಿನ ಹಾಗೆ ಆಗಲ್ಲ ಅನ್ನೋದನ್ನೂ ಹೇಳಬೇಕು. ದಿನಕ್ಕೆ ಹಲವು ಸಲ ಹೋಗೋದು, ತಡೆದುಕೊಳ್ಳೋಕೆ ಆಗದೆ ಇರೋದು ಅನೇಕರಿಗೆ ಇರುತ್ತೆ. ಊಟ, ಔಷಧ, ಸ್ನಾಯುವಿನ ವ್ಯಾಯಾಮದಿಂದ ಬಹುಮಟ್ಟಿಗೆ ಸುಧಾರಿಸುತ್ತೆ. ಇದನ್ನ ಮೊದಲೇ ಹೇಳಿದ್ರೆ ರೋಗಿ "ನನಗೇ ಹೀಗಾಯ್ತು" ಅಂತ ಕೊರಗಲ್ಲ.

ಕಲ್ಯಾಣದಲ್ಲಿರೋ ನಮ್ಮ ಕೆಲಸ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಶುರುವಾಗಿದ್ದು 1941ರಲ್ಲಿ, 1962ರಿಂದ ಅಣುಶಕ್ತಿ ಇಲಾಖೆಯ ಕೆಳಗಿದೆ. ಅದರದೇ ಇನ್ನೊಂದು ಕೇಂದ್ರ ಎಕ್ಟ್ರೆಕ್ ಇರೋದು ಖಾರ್‌ಘರ್‌ನಲ್ಲಿ. ಪರೇಲಿಗೆ ಕಲ್ಯಾಣದಿಂದ ಫಾಸ್ಟ್ ಹಿಡಿದು ದಾದರ್‌ನಲ್ಲಿ ಇಳಿದು ಸ್ಲೋ ಹತ್ತಿ. ಖಾರ್‌ಘರ್‌ಗೆ ಠಾಣೆಯಿಂದ ಪನ್ವೇಲ್ ಲೋಕಲ್. ಲೋಕಲ್‌ನ ದಿವ್ಯಾಂಗರ ಬೋಗಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹೋಗಬಹುದು, ಕಾಗದ ಜೊತೆಗಿರಲಿ. ಊರಿನ ರೈಲಿಗೂ ರೋಗಿಗೆ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಿ. ಮನೆಯಲ್ಲಿ ಜಾಗ ಇಲ್ಲದಿದ್ರೆ ದಾದರ್‌ನ ಸಂತ ಗಾಡ್ಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಇಂಥ ರೋಗಿಗಳಿಗೆಂದೇ ಇವೆ.

ಎಲ್ಲರೂ ಮುಂಬಯಿಗೇ ಬರಬೇಕು ಅಂತಿಲ್ಲ. ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನ ಜೋಡಿಸೋ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 2012ರಿಂದ ಇದೆ, ಬೆಂಗಳೂರಿನ ಕಿದ್ವಾಯಿ ಅದರಲ್ಲಿದೆ. ಯೋಜನೆ ಇಲ್ಲಿ ಮಾಡಿಸಿ, ಕಿಮೋ ಊರಿನ ಹತ್ತಿರ ತಗೊಂಡು, ಆಪರೇಷನ್‌ಗೆ ಮತ್ತೆ ಬರೋದು ಸಾಧ್ಯವಾ ಅಂತ ಕೇಳಿ. ಐದಾರು ತಿಂಗಳು ತೋಟ ಬಿಟ್ಟು, ದನ ಬಿಟ್ಟು ಪರಊರಿನಲ್ಲಿ ಕೂರೋಕೆ ಆಗದೆ ಅರ್ಧಕ್ಕೆ ಬಿಟ್ಟು ಹೋಗೋದಕ್ಕಿಂತ ಅದು ಎಷ್ಟೋ ಮೇಲು.

ನಮ್ಮಂಥವರು ಮಾಡಬಹುದಾದ್ದು ಇಷ್ಟು. ಒಂದು ಹಾಳೆಯಲ್ಲಿ ಸರದಿಯನ್ನ ತಾರೀಖು ಸಮೇತ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ: ರೇಡಿಯೇಷನ್ ಯಾವಾಗ, ಕಿಮೋ ಎಷ್ಟನೇ ಸುತ್ತು, ಎಂಆರ್‌ಐ ಯಾವಾಗ, ಆಪರೇಷನ್ ಯಾವಾಗ. ನಾವು ಅಂಟಿಸಿದ ಹಾಳೆಯಲ್ಲಿ ಅತ್ತಿ ದಿನಾ ಒಂದು ಗೆರೆ ಹೊಡೀತಿದ್ರು. ಊರಿಂದ ಫೋನ್ ಮಾಡಿ "ಇನ್ನೂ ಆಪರೇಷನ್ ಮಾಡಿಲ್ವಾ, ಏನ್ ಡಾಕ್ಟರ್ ಅವರು" ಅಂದವರಿಗೆಲ್ಲ ಅತ್ತಿ ಆ ಹಾಳೆ ನೋಡಿಯೇ ಉತ್ತರ ಕೊಡ್ತಿದ್ರು: "ಸುಮ್ನ ಕುಂತಿಲ್ರಿ, ಔಷಧ ನಡದದ. ಆಪರೇಷನ್ ಆಮ್ಯಾಲ."

ಡಾಕ್ಟರ್ ಮುಂದೆ ಕೂತಾಗ ಕೇಳಬೇಕಾದ ಪ್ರಶ್ನೆಗಳನ್ನ ಇನ್ನೊಮ್ಮೆ ಹೇಳಿ ಮುಗಿಸ್ತೀನಿ. ಎಂಆರ್‌ಐ ಆಗಿದೆಯಾ, ಅಂಚು ಎಷ್ಟು ದೂರ? ಎಂಎಂಆರ್ ಪರೀಕ್ಷೆ ಆಗಿದೆಯಾ? ಟ್ಯೂಮರ್ ಬೋರ್ಡ್ ಏನು ಹೇಳಿತು? ರೇಡಿಯೇಷನ್ ಬೇಕೇಬೇಕಾ, ಯಾವ ಬಗೆಯದು? ಕಿಮೋ ಮುಗಿದ ಮೇಲೆ ಮತ್ತೆ ಎಂಆರ್‌ಐ ಯಾವಾಗ? ಆಪರೇಷನ್ ಯಾರು ಮಾಡ್ತಾರೆ, ಚೀಲ ತಾತ್ಕಾಲಿಕವಾ, ಶಾಶ್ವತವಾ? ಏಳು ಪ್ರಶ್ನೆಯೂ ಆಗಲ್ಲ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಮತ್ತೆ, ನಿಮಗೇ ರಕ್ತ ಕಾಣ್ತಿದ್ರೆ ಈ ವಾರವೇ ತೋರಿಸಿಕೊಳ್ಳಿ.